ಕಾರಿಗೆ ಹೊದಿಸಿದ ಕೇದಿಗೆ ಚಾಪೆ

ಮಾಫಾ ಘಾಟಿಯ ಎರಡನೇ ತಿರುವಿನಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಅರ್ಧ ದಾಟಿತ್ತು. ಮೂರನೆಯದರಲ್ಲಿ ಕೆಂಪು ಗೆರೆ ಮುಟ್ಟಿತು. ಸೊಲೊಫಾ ಅದನ್ನು ನೋಡಿದ, ನೋಡಿಯೂ ಕಾಲನ್ನು ಇನ್ನಷ್ಟು ಒತ್ತಿದ. ದೋಣಿಯಲ್ಲಿ ಬೆಳೆದವನ ಬುದ್ಧಿ ಅದು. ಬಂಡೆಸಾಲಿನ ಹತ್ತಿರ ಅಲೆ ಎದ್ದಾಗ ಎಂಜಿನ್ ಕೆಮ್ಮಿದರೆ ಯಾರೂ ನಿಲ್ಲಿಸಿ ನೋಡುತ್ತ ಕೂರುವುದಿಲ್ಲ. ನಿಂತರೆ ಸಮುದ್ರ ದೋಣಿಯನ್ನೆತ್ತಿ ಬಂಡೆಗೆ ಬಡಿಯುತ್ತದೆ. ಮೊದಲು ದಡ, ಉಳಿದದ್ದೆಲ್ಲ ಆಮೇಲೆ. ಘಾಟಿಯ ನೆತ್ತಿಯೇ ಈಗ ದಡ ಎಂದುಕೊಂಡು ಅವನು ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದ.

ಪಕ್ಕದಲ್ಲಿ ಕೂತಿದ್ದ ಅವನ ತಾಯಿ ಫುವಾಟಿನೊ ಭಾನುವಾರದ ಹಾಡುಗಾರರನ್ನು ಬೈಯುತ್ತಿದ್ದಳು. ನಡುವೆ ಮೂಗು ಅರಳಿಸಿದಳು.

"ಏನೋ ವಾಸನೆ ಬರ್ತಿದೆಯಲ್ಲೋ."

"ಹೊರಗಿಂದಮ್ಮ. ಯಾರೋ ಕಸ ಸುಡ್ತಿರಬೇಕು."

"ಈ ಕಾಡಲ್ಲಿ ಯಾರು ಬಂದು ಕಸ ಸುಡ್ತಾರೆ? ದೆವ್ವಗಳಾ?"

ಅಷ್ಟರಲ್ಲಿ ಬಾನೆಟ್ಟಿನ ಅಂಚುಗಳಿಂದ ಬಿಳಿ ಹಬೆ ಎದ್ದಿತು. ಒಳಗೆ ಯಾರೋ ಸುತ್ತಿಗೆ ಹಿಡಿದು ಹೊರಬರಲು ಹೊಡೆಯುತ್ತಿರುವ ಹಾಗೆ ಸದ್ದಾಯಿತು. ಕೊನೆಗೊಂದು ಹೊಡೆತ, ಆಮೇಲೆ ಏನೂ ಇಲ್ಲ. ಕಾರು ತನ್ನ ಓಟದಲ್ಲೇ ಒಂದಿಷ್ಟು ದೂರ ಏರಿ ನಿಂತು, ಹಿಂದಕ್ಕೆ ಜಾರತೊಡಗಿತು. ಸೊಲೊಫಾ ಬ್ರೇಕು ಎಳೆದ. ಮರಗಳ ಮೇಲಿನಿಂದ ಹಕ್ಕಿಗಳ ಸದ್ದು ಕೇಳಿಸಿತು. ಅಷ್ಟು ಹೊತ್ತೂ ಅವು ಕೂಗುತ್ತಲೇ ಇದ್ದಿರಬೇಕು.

"ಹೋಯ್ತಾ?" ಅಂದಳು ತಾಯಿ.

"ನೋಡ್ತೀನಿ ಇರು."

ನೋಡುವುದಕ್ಕೆ ಅವನಿಗೆ ಹೆಚ್ಚೇನೂ ತಿಳಿದಿರಲಿಲ್ಲ. ದೋಣಿಯ ಎಂಜಿನ್ನಾದರೆ ಕಣ್ಣುಮುಚ್ಚಿ ಬಿಚ್ಚಿ ಜೋಡಿಸುತ್ತಿದ್ದ. ಆದರೆ ಅದು ಹಗಲಿಡೀ ಕಡಲಲ್ಲಿ ಕಾಲು ಇಳಿಬಿಟ್ಟುಕೊಂಡೇ ಇರುತ್ತದೆ, ಬೇಕಾದಷ್ಟು ಉಪ್ಪುನೀರು ಹೀರಿ ಉಗುಳುತ್ತದೆ. ಎಂಜಿನ್ನಿಗೆ ಬಾಯಾರುತ್ತದೆ, ಉಸಿರು ಕಟ್ಟುತ್ತದೆ ಎಂಬ ಯೋಚನೆಯೇ ಅವನಿಗೆ ಹುಟ್ಟಿನಿಂದ ಬಂದಿರಲಿಲ್ಲ. ಆ ದೋಣಿ ಈಗ ಚಿಕ್ಕಪ್ಪನ ಮಗನದು. ಅದನ್ನು ಕೊಟ್ಟು ಬಂದ ದುಡ್ಡಿಗೇ ಈ ಬಿಳಿ ಕಾರು ಬಂದದ್ದು. ಜಪಾನಿನಲ್ಲಿ ಯಾರೋ ಓಡಿಸಿ ಬಿಟ್ಟ, ಇವರ ಪಾಲಿಗೆ ಹೊಚ್ಚಹೊಸ ಕಾರು. ಅಂಗಳಕ್ಕೆ ಬಂದು ಇನ್ನೂ ಎರಡು ವಾರವಾಗಿರಲಿಲ್ಲ.

ಕಾರು ಬಂದದ್ದು ಒಂದು ಒಪ್ಪಂದದ ಮೇಲೆ. ಫುವಾಟಿನೊಳ ಎರಡೂ ಮೂತ್ರಪಿಂಡಗಳು ಕೈಕೊಟ್ಟು ವರ್ಷವಾಗಿತ್ತು. ಮಂಗಳವಾರ, ಗುರುವಾರ, ಶನಿವಾರ ದ್ವೀಪದ ರಾಜಧಾನಿ ಅಪಿಯಾಕ್ಕೆ ಹೋಗಿ ಯಂತ್ರದಲ್ಲಿ ರಕ್ತ ತೊಳೆಸಿಕೊಂಡು ಬರಬೇಕು. ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಒಂದು ದಿನ, "ಇನ್ನು ನಾನು ಬರಲ್ಲ" ಅಂದುಬಿಟ್ಟಳು. ಸೂಜಿಗೆ ಹೆದರಿ ಅಲ್ಲ, ಬಸ್ಸಿಗೆ.

ಆ ಊರುಗಳ ಬಸ್ಸಿನಲ್ಲಿ ಯಾರೂ ನಿಲ್ಲುವುದಿಲ್ಲ, ಯಾರನ್ನೂ ಬಿಟ್ಟು ಹೋಗುವುದೂ ಇಲ್ಲ. ಸೀಟು ತುಂಬಿದ ಮೇಲೆ ಹತ್ತಿದವರು ಕೂತವರ ತೊಡೆಯ ಮೇಲೆ ಕೂರುತ್ತಾರೆ. ಫುವಾಟಿನೊಳ ಒಳ್ಳೆಯ ಕಾಲದಲ್ಲಿ ಅವಳ ತೊಡೆ ಇಡೀ ಕರಾವಳಿಗೇ ಹೆಸರುವಾಸಿ. ಇಬ್ಬರು ಹುಡುಗಿಯರನ್ನೂ ಒಂದು ಚೀಲ ತೆಂಗಿನಕಾಯಿಯನ್ನೂ ಹೊತ್ತುಕೊಂಡು ಪೇಟೆ ಮುಟ್ಟುವವರೆಗೂ ಹರಟೆ ಹೊಡೆಯುತ್ತಿದ್ದವಳು. ಕಾಯಿಲೆ ಬಂದ ಮೇಲೆ ಜನ ಅವಳಿಗೆ ಮುಂದಿನ ಸೀಟು ಬಿಟ್ಟುಕೊಟ್ಟರು, ಆದರೆ ಅವಳ ತೊಡೆಯ ಮೇಲೆ ಯಾರೂ ಕೂರಲಿಲ್ಲ. ಹಿಂದೆ ಒಬ್ಬರ ಮೇಲೆ ಒಬ್ಬರು, ಅವರ ಮೇಲೆ ಇನ್ನೊಬ್ಬರು. ಮುಂದೆ ಅವಳೊಬ್ಬಳು, ಖಾಲಿ ತೊಡೆಯ ಮೇಲೆ ಎರಡು ಕೈ ಇಟ್ಟುಕೊಂಡು. "ಎಲ್ಲರ ಜಾಗ ತಿಂದು ಬದುಕೋದು ನಂಗೆ ಬೇಡ" ಅಂದಿದ್ದಳು. ಅಕ್ಕತಂಗಿಯರು ಅತ್ತರು, ಪಾದ್ರಿ ಬಂದು ಹೇಳಿದರು. ಅವಳು ಜಗ್ಗಲಿಲ್ಲ. ಸೊಲೊಫಾ ಮಾತ್ರ ಏನೂ ಹೇಳದೆ ಹೋಗಿ ದೋಣಿ ಮಾರಿ ಬಂದ. "ಕಾರಲ್ಲಾದ್ರೆ ಬರ್ತೀಯ?" "ಕಾರು ಇರೋವರೆಗೂ ಬರ್ತೀನಿ." ಆದದ್ದು ಇಷ್ಟೇ ಮಾತು.

ಈಗ ಅವನು ಹಬೆಯೊಳಗೆ ಮುಖ ಇಟ್ಟುಕೊಂಡು ನಿಂತಿದ್ದ. ಕುಡಿಯುವ ನೀರಿನ ಬಾಟಲಿಯಿಂದ ಒಂದಿಷ್ಟು ಸುರಿದ. ಅದು ಚುರ್ರೆಂದು ಅವನ ಮೇಲೆಯೇ ಹಾರಿತು. ತಾಯಿಯ ಕಾಲು ಎರಡು ದಿನದಿಂದ ಊದಿಕೊಂಡಿತ್ತು. ಇವತ್ತು ತಪ್ಪಿದರೆ ಉಸಿರಿಗೆ ಕಷ್ಟ. ಇವತ್ತು ಹೇಗೋ ಆಯಿತೆಂದರೂ, ಕಾರು ಇನ್ನಿಲ್ಲ. ಒಪ್ಪಂದವೂ ಇಲ್ಲ. ಅದು ಅವನಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಮೊದಲು ಹಾಡು ಬಂತು, ಹಿಂದೆಯೇ ಬಸ್ಸು. ನೀಲಿ ಹಳದಿ ಬಳಿದ ಮರದ ಮೈ, ಗಾಜಿಲ್ಲದ ಕಿಟಕಿಗಳು, ಕಿಟಕಿಗೆ ಮೂರರಂತೆ ತಲೆಗಳು. ಕೈ ಅಡ್ಡ ಹಾಕುವ ಮೊದಲೇ ಅದು ನಿಂತಿತು. ಡ್ರೈವರ್ ಲೆಮಾನಾ ಹಾಡಿನ ಸದ್ದು ತಗ್ಗಿಸಿ ಇಳಿದು ಬಂದ. ಹೊಟ್ಟೆ ಮುಂದೆ, ಅವನು ಹಿಂದೆ. ಕಾರಿನ ಸುತ್ತ ಒಂದು ಸುತ್ತು ಹಾಕಿ ಎದುರಿಗೆ ಬಂದು ನಿಂತ.

"ಇದೇನಪ್ಪಾ ಇದು? ಕಾರಿಗೆ ಚಾಪೆ ಸುತ್ತಿದ್ದೀರಿ, ಹೆಣಕ್ಕೆ ಸುತ್ತಿದ ಹಾಗೆ? ಉಸಿರಾಡೋದು ಹೇಗೆ ಇದು?"

ಸೊಲೊಫಾ ಅವನ ತೋಳು ಹಿಡಿದು ಅದುಮಿದ. ತಡವಾಗಿತ್ತು. ಕಿಟಕಿಯ ಗಾಜು ಇಳಿದೇ ಇತ್ತು.

ಭಾನುವಾರ ಪಾದ್ರಿ ಬಂದು ಕಾರಿನ ಮೇಲೆ ಕೈಯಿಟ್ಟು ಪ್ರಾರ್ಥಿಸಿದ್ದರು. ಆ ದಿನಕ್ಕೆಂದು ಫುವಾಟಿನೊ ಕೇದಿಗೆ ಗರಿಯಿಂದ ಹೆಣೆದ ಚಾಪೆ ಅದು. ಅಂಚಿಗೆ ಕೆಂಪು ಹಕ್ಕಿಗರಿಗಳ ಸಾಲು. ಸೂಜಿ ಚುಚ್ಚದ ಕೈಯಿಂದಲೇ ಹೆಚ್ಚು ಕೆಲಸ. ಕಾರಿನ ಮೂತಿಗೆ ಅಡ್ಡಲಾಗಿ ತೆಂಗಿನ ನಾರಿನ ಹುರಿಯಲ್ಲಿ ತಾನೇ ಬಿಗಿದು ಕಟ್ಟಿದ್ದಳು. ಅವಳ ಹೆಣಿಗೆ ಅಂದರೆ ನೀರೂ ಸೋರುವುದಿಲ್ಲ ಎಂದು ಊರಲ್ಲಿ ಹೇಳುತ್ತಾರೆ. ಪ್ರಾರ್ಥನೆ ಮುಗಿದ ಮೇಲೆ ಹೂವಿನ ಹಾರಗಳನ್ನು ತೆಗೆದರು. ಚಾಪೆ ಬಿಚ್ಚಲು ಸೊಲೊಫಾನಿಗೆ ಮನಸ್ಸಾಗಲಿಲ್ಲ. ಅದನ್ನು ಕಟ್ಟಿ ಹಿಂದೆ ಸರಿದು ನೋಡಿದಾಗ ಅವಳ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಹಳೆಯ ಜಂಬ ಕಂಡಿತ್ತು.

"ಅಮ್ಮನ್ನ ಆಸ್ಪತ್ರೆಗೆ ಮುಟ್ಟಿಸಬೇಕು ಅಣ್ಣ. ಯಂತ್ರದ ಹೊತ್ತು ತಪ್ಪಿದ್ರೆ ಬೇರೆಯವರನ್ನ ಹಾಕ್ತಾರೆ" ಅಂದ ಸೊಲೊಫಾ.

"ನಾನು ಹೋಗೋದು ಮಾರ್ಕೆಟ್ಟಿಗೆ" ಅಂದ ಲೆಮಾನಾ. ಆಮೇಲೆ ಬಸ್ಸಿನ ಕಡೆ ತಿರುಗಿ ಕೂಗಿದ. "ಏನ್ರೀ, ಮೊದಲು ಆಸ್ಪತ್ರೆಗೆ ಹೋಗೋಣ್ವಾ? ನಡುವೆ ಎಲ್ಲೂ ನಿಲ್ಲಿಸಲ್ಲ."

"ನನ್ನ ಕೆಸುವಿನ ಗಡ್ಡೆ ಯಾರು ಮಾರ್ತಾರೆ?" ಒಬ್ಬಳ ದನಿ ಬಂತು.

"ನಿನ್ನ ಗಡ್ಡೆ ಬೆಳಿಗ್ಗೆ ಇಟ್ಟದ್ದು ಸಂಜೆವರೆಗೂ ಅಲ್ಲೇ ಬಿದ್ದಿರುತ್ತೆ, ದಿನಾ ನೋಡ್ತೀವಲ್ಲ" ಎಂದಳು ಇನ್ನೊಬ್ಬಳು. ಬಸ್ಸು ಬಸ್ಸೇ ನಕ್ಕಿತು. ಗಡ್ಡೆಯವಳು, "ನಡೀರಿ, ನಡೀರಿ, ಮಾತಲ್ಲೇ ಹೊತ್ತು ಕಳೀಬೇಡಿ" ಅಂದಳು.

ಹಿಂದಿನ ಬಾಗಿಲಿನಿಂದ ಒಬ್ಬ ಮುದುಕ ಕತ್ತಿ ಹಿಡಿದುಕೊಂಡು ಇಳಿದ. ಬಲಗೆನ್ನೆ ಊದಿ ಕೆಂಪಾಗಿತ್ತು. ಹೆಸರು ಪೆನಿ ಎಂದ. "ನೀನು ಹೋಗಪ್ಪ. ಕಾರು ನಾನು ನೋಡ್ಕೋತೀನಿ. ಈ ಘಾಟೀಲಿ ಬಿಟ್ಟು ಹೋದ್ರೆ ಸಂಜೆಗೆ ಚಕ್ರ ಇರಲ್ಲ."

"ನಿಮಗೆ ಕೆಲಸ ಇರುತ್ತಲ್ಲ ಅಜ್ಜ."

"ಹಲ್ಲು ಕೀಳಿಸೋಕೆ ಹೊರಟಿದ್ದೆ. ನಾಳೆ ಕಿತ್ತರೂ ಅದೇ ಹಲ್ಲು." ಅವನು ಆಗಲೇ ಒಂದು ಬಾಳೆಲೆ ಕೊಯ್ದು, ರಸ್ತೆ ಬದಿಯಲ್ಲಿ ಹಾಸಿ ಕೂತ. "ಮೆಕ್ಯಾನಿಕ್ ಒಬ್ಬ ಇದಾನೆ ಕೆಳಗೆ, ನನ್ನ ತಂಗಿ ಮಗ. ಯಾರಾದ್ರೂ ಆ ಕಡೆ ಹೋಗೋರ ಹತ್ರ ಹೇಳಿ ಕಳಿಸ್ತೀನಿ."

ಸೊಲೊಫಾ ಮುದುಕನ ಕೈಗೆ ಕಾರಿನ ಕೀಲಿ ಕೊಟ್ಟ. ಅಪರಿಚಿತನ ಕೈಗೆ ಕೀಲಿ ಕೊಡುತ್ತಿದ್ದೇನೆ ಎಂದು ಅವನಿಗೆ ಅನ್ನಿಸಿದ್ದು ಬಸ್ಸು ಹತ್ತಿದ ಮೇಲೆ. ಅನ್ನಿಸಿದರೂ ಹೆದರಿಕೆಯಾಗಲಿಲ್ಲ.

ಬಸ್ಸಿನೊಳಗೆ ಜನ ಆಗಲೇ ಅದಲುಬದಲಾಗುತ್ತಿದ್ದರು. ಮುಂದಿನ ಸೀಟಿನಲ್ಲಿದ್ದ ಸಿಯೆನಿ ಎಂಬ ಅಗಲ ಹೆಗಲಿನ ಹೆಂಗಸು ಎದ್ದು ಜಾಗ ಮಾಡಿದಳು. ಫುವಾಟಿನೊ ಕೂತಳು. ಕೈಗಳು ತಾವಾಗಿಯೇ ತೊಡೆಯ ಮೇಲೆ ಬಂದು ಕೂತವು. ಆ ಕೈಗಳನ್ನು ನೋಡಲಾರದೆ ಸೊಲೊಫಾ ಕಿಟಕಿಯ ಕಡೆ ಮುಖ ತಿರುಗಿಸಿದ. ಅವನಿಗೆ ಸಿಕ್ಕಿದ್ದು ಒಬ್ಬ ಪೊಲೀಸಿನವನ ತೊಡೆ.

ಬಸ್ಸು ಹೊರಟು ಕುಲುಕಿತು. ಸಿಯೆನಿ ಹಿಂದಿನವಳ ತೊಡೆಯ ಮೇಲೆ ಕೂತು ಒದ್ದಾಡುತ್ತಿದ್ದಳು. ಅವಳ ಕಂಕುಳಲ್ಲಿ ಒಂದು ದಪ್ಪ ಹೆಣ್ಣುಮಗು. ಕೆಳಗಿನವಳು ನರಳಿದಳು. "ನಿಮ್ಮಿಬ್ಬರಲ್ಲಿ ಒಬ್ಬರನ್ನ ಇಳಿಸೇ. ನನ್ನ ಮಂಡಿ ಹೋಯ್ತು."

ಸಿಯೆನಿ ಒಂದು ಕ್ಷಣವೂ ಯೋಚಿಸಲಿಲ್ಲ. ಮುಂದಕ್ಕೆ ಬಾಗಿ ಮಗುವನ್ನು ಫುವಾಟಿನೊಳ ತೊಡೆಯ ಮೇಲೆ ಇಳಿಸಿದಳು. "ತಗೊಳಮ್ಮ, ಇದನ್ನ ಹಿಡ್ಕೋ. ಒದ್ದರೆ ನೀನೂ ಒದಿ."

"ಅವರಿಗೆ ಹುಷಾರಿಲ್ಲ ಕಣೇ" ಎಂದು ಯಾರೋ ಪಿಸುಗುಟ್ಟಿದರು.

"ತೊಡೆಗೆ ಏನೂ ಆಗಿಲ್ಲವಲ್ಲ?" ಅಂದಳು ಸಿಯೆನಿ ಗಟ್ಟಿಯಾಗಿಯೇ. ಆಮೇಲೆ ನೇರ ಫುವಾಟಿನೊಳನ್ನೇ ಕೇಳಿದಳು. "ಆಗಿದೆಯಾ ಅಮ್ಮ?"

ಸೊಲೊಫಾ ಕಿಟಕಿಯಿಂದ ಮುಖ ಈಚೆ ತಿರುಗಿಸಿದ.

"ಈ ಕೈ ಮುಟ್ಟಬಾರದು" ಎಂದಳು ತಾಯಿ, ಸೂಜಿಯ ಗಂಟುಗಳಿದ್ದ ಎಡಗೈಯನ್ನು ಮೇಲಕ್ಕೆತ್ತಿ. ಬಲಗೈ ಮಗುವಿನ ಹೊಟ್ಟೆಯನ್ನು ಬಳಸಿತು. "ಏನು ಹಾಕಿ ಸಾಕ್ತಿದ್ದೀಯೇ ಇದಕ್ಕೆ? ಹಂದಿಮರಿ ಹಾಗಿದೆ."

"ಡಬ್ಬಿ ಮಾಂಸ, ಬಿಸ್ಕತ್ತು, ನನ್ನ ರಕ್ತ."

"ಹೆಸರು?"

"ಇನ್ನೂ ಜಗಳ ನಡೀತಿದೆ. ನನ್ನ ಅತ್ತೆಗೆ ಅವರ ಹೆಸರೇ ಇಡಬೇಕಂತೆ."

"ಇಡಬೇಡ. ಅತ್ತೆ ಹೆಸರಿಟ್ಟು ಬಯ್ಯೋದು ಹೇಗೆ?" ಎಂದು ಗಡ್ಡೆಯವಳು ನಡುವೆ ಬಾಯಿ ಹಾಕಿದಳು.

"ಅತ್ತೆ ಹೆಸರಿಟ್ರೆ ತಾನೇ ಬಾಯ್ತುಂಬ ಬಯ್ಯೋಕಾಗೋದು" ಅಂದಳು ಫುವಾಟಿನೊ.

ಮತ್ತೆ ಬಸ್ಸು ನಕ್ಕಿತು. ಲೆಮಾನಾ ಸ್ಟಿಯರಿಂಗಿಗೆ ಗುದ್ದಿದ. ಘಾಟಿಯ ನೆತ್ತಿ ಯಾವಾಗ ದಾಟಿತೋ ಸೊಲೊಫಾನಿಗೆ ಗೊತ್ತಾಗಲಿಲ್ಲ. ಇಳಿಜಾರಿನಲ್ಲಿ ಕಡಲು ಕಂಡಾಗ ಅವನು ತಾಯಿಯ ಬೆನ್ನನ್ನು ನೋಡಿದ. ಮಗುವಿನ ಭಾರಕ್ಕೆ ಅದು ನೆಟ್ಟಗಾಗಿತ್ತು. ದಾರಿಯಲ್ಲಿ ಕೈ ಬೀಸಿದವರನ್ನೆಲ್ಲ ಲೆಮಾನಾ ಹಾರ್ನ್ ಹೊಡೆದು ದಾಟಿಸಿದ. ಅವರು ಬೈಯುವುದು ಹಿಂದೆ ಹಿಂದೆ ಕೇಳಿಸುತ್ತಿತ್ತು. ಮಾರ್ಕೆಟ್ಟು ಬಂತು, ಹೋಯಿತು. ಇಡೀ ಬಸ್ಸು, ಗಡ್ಡೆಯ ಬುಟ್ಟಿಗಳ ಸಮೇತ, ಆಸ್ಪತ್ರೆಯ ಬಾಗಿಲಲ್ಲಿ ನಿಂತಿತು. ಪೊಲೀಸಿನವನು ಇಳಿದು ಫುವಾಟಿನೊಳ ಕೈ ಹಿಡಿದು ಇಳಿಸಿದ. ಯಂತ್ರ ಇನ್ನೂ ಖಾಲಿ ಇತ್ತು.

ಅವಳನ್ನು ಮಲಗಿಸಿ, ಸೂಜಿ ಚುಚ್ಚುವುದನ್ನು ನೋಡಿಯೇ ಸೊಲೊಫಾ ಹೊರಬಂದ. ಸಿಮೆಂಟಿನ ಲಾರಿಯೊಂದು ಘಾಟಿಯ ಕಡೆ ಹೊರಟಿತ್ತು, ಅದನ್ನು ಹತ್ತಿದ.

ಅವನು ತಲುಪುವಷ್ಟರಲ್ಲಿ ಪೆನಿಯ ತಂಗಿಯ ಮಗ ಬಂದು ಬಾನೆಟ್ಟು ಎತ್ತಿದ್ದ. ಮುದುಕ ಕೆನ್ನೆಗೆ ಒದ್ದೆ ಬಟ್ಟೆ ಒತ್ತಿಕೊಂಡು ಬಾಳೆಲೆಯ ಮೇಲೆಯೇ ಇದ್ದ. ಚಾಪೆಯನ್ನು ಬಿಚ್ಚಿ, ಮಡಚಿ, ಹುಲ್ಲಿನ ಮೇಲೆ ಇಟ್ಟಿದ್ದರು. ಅದಕ್ಕೆ ಏನೂ ಆಗಿರಲಿಲ್ಲ. ಒಂದು ಗರಿಯೂ ಉದುರಿರಲಿಲ್ಲ.

"ಎಂಜಿನ್ ಮುಗೀತು ಅಣ್ಣ" ಎಂದ ಮೆಕ್ಯಾನಿಕ್. "ಮೇಲ್ಭಾಗ ಸೀಳಿದೆ. ಒಳಗೆ ಎಲ್ಲ ಅಂಟಿಕೊಂಡು ಕೂತಿದೆ. ಗಾಳಿ ಹೋಗೋ ದಾರಿಗೇ ಅಡ್ಡ ಕಟ್ಟಿದ್ದೀರಿ. ಮೂಗು ಬಾಯಿ ಕಟ್ಟಿ ಗುಡ್ಡ ಹತ್ತಿಸಿದ ಹಾಗೆ. ಸಮತಟ್ಟಾದ ರಸ್ತೇಲಿ ಹೇಗೋ ನಡೆದಿರುತ್ತೆ. ಆದರೂ ಮುಳ್ಳು ಏರಿದಾಗ ನಿಲ್ಲಿಸಿದ್ರೆ ಉಳೀತಿತ್ತು."

"ನೋಡಿದೆ. ನಿಲ್ಲಿಸಲಿಲ್ಲ."

"ಯಾಕೆ?"

"ದೋಣಿ ಅನ್ಕೊಂಡೆ."

ಪೆನಿ ನಗಲು ಹೋಗಿ ಹಲ್ಲು ನೋವಿಗೆ ಮುಖ ಹಿಂಡಿದ. "ಯಾರು ಕಟ್ಟಿದ್ದಪ್ಪ ಇದನ್ನ? ಬಿಚ್ಚೋಕೆ ನಂಗೆ ಅರ್ಧ ಗಂಟೆ ಬೇಕಾಯ್ತು. ಕತ್ತರಿಸೋಕೆ ಮನಸ್ಸು ಬರಲಿಲ್ಲ. ಇಂಥ ಹೆಣಿಗೆ ನೋಡಿ ಎಷ್ಟು ಕಾಲವಾಯ್ತೋ."

"ನಾನೇ ಕಟ್ಟಿದ್ದು" ಎಂದ ಸೊಲೊಫಾ.

ಮುದುಕ ಅವನ ಬೆರಳುಗಳನ್ನು ನೋಡಿದ, ಚಾಪೆಯನ್ನು ನೋಡಿದ.

ಕಾರನ್ನು ಪಿಕಪ್ಪಿಗೆ ಕಟ್ಟಿ ಕೆಳಗಿನ ಊರಿಗೆ ಎಳೆದರು. ಅಪ್ಪಚ್ಚಿಯಾದ ಕಾರು ಎಲ್ಲಾದರೂ ಸಿಕ್ಕಿ ಅದರ ಎಂಜಿನ್ ಚೆನ್ನಾಗಿದ್ದರೆ ತಂದು ಕೂರಿಸಬಹುದು ಎಂದ ಮೆಕ್ಯಾನಿಕ್. ಯಾವಾಗ ಎಂದು ಹೇಳಲಾರೆ, ಅಲ್ಲಿಯವರೆಗೂ ತನ್ನ ಅಂಗಳದಲ್ಲೇ ಇರಲಿ, ಕೋಳಿಗಳು ಮೇಲೆ ಕೂತರೆ ಬೇಜಾರು ಮಾಡಿಕೊಳ್ಳಬಾರದು ಎಂದ. ಸೊಲೊಫಾ ಚಾಪೆಯನ್ನು ಪೆನಿಯ ಕೈಗಿಟ್ಟ. ಮುದುಕ ಬೇಡವೆನ್ನಲಿಲ್ಲ. ಅದನ್ನು ಹಣೆಗೆ ಮುಟ್ಟಿಸಿ ಎದೆಗೆ ಒತ್ತಿಕೊಂಡ.

ಆಸ್ಪತ್ರೆಗೆ ಹಿಂತಿರುಗುವ ದಾರಿಯುದ್ದಕ್ಕೂ ಸೊಲೊಫಾ ಸುಳ್ಳೊಂದನ್ನು ಹೊಂದಿಸಿದ. ಹಳೆಯ ಎಂಜಿನ್. ಒಳಗೆ ತುಕ್ಕು. ಮಾರಿದವನು ಮೋಸ ಮಾಡಿದ. ಅಷ್ಟರಲ್ಲಿ ಮಾರಿದವನ ಮುಖ ನೆನಪಾಯಿತು. ನೀರು ನೋಡುತ್ತಿರು ಎಂದು ಎರಡೆರಡು ಸಲ ಹೇಳಿದ್ದ ಪಾಪದ ಮನುಷ್ಯ. ಅವನನ್ನು ಬಿಟ್ಟ. ತುಕ್ಕನ್ನು ಇಟ್ಟುಕೊಂಡ.

ತಾಯಿ ಕಣ್ಣು ಮುಚ್ಚಿ ಮಲಗಿದ್ದಳು. ಅವಳ ರಕ್ತ ಕೊಳವೆಗಳಲ್ಲಿ ಹೊರಗೆ ಹೋಗಿ ಒಳಗೆ ಬರುತ್ತಿತ್ತು.

"ಏನಂತೆ?" ಎಂದಳು ಕಣ್ಣು ತೆರೆಯದೆ.

"ಹಳೇ ಎಂಜಿನ್ನಮ್ಮ. ಒಳಗೆಲ್ಲ ತುಕ್ಕು ಹಿಡಿದಿತ್ತಂತೆ."

"ಸೊಲೊಫಾ."

"ಹೂಂ."

"ಆ ಡ್ರೈವರ್ ಹೇಳಿದ್ದು ನಂಗೂ ಕೇಳಿಸ್ತು. ಕಿವಿಗೆ ಇನ್ನೂ ಏನೂ ಆಗಿಲ್ಲ."

ಯಂತ್ರ ಒಂದು ಸಲ ಕೀರಲು ಸದ್ದು ಮಾಡಿ ಸುಮ್ಮನಾಯಿತು. ಅವನು ಅವಳ ಊದಿದ ಪಾದದ ಮೇಲೆ ಕೈ ಇಟ್ಟ. "ನೀನು ಕಟ್ಟಿದೆ. ನಾನು ಬಿಚ್ಚಬಹುದಿತ್ತು. ಮುಳ್ಳು ಏರೋದು ನೋಡಿದೆ, ನಿಲ್ಲಿಸಬಹುದಿತ್ತು. ಅದನ್ನೂ ಮಾಡಲಿಲ್ಲ."

"ಹಾಗಾದ್ರೆ ಇಬ್ರೂ ಸೇರಿ ಸಾಯಿಸಿದ್ವಿ."

"ಹೂಂನಮ್ಮ."

"ಪಾದ್ರಿನೂ ಸೇರಿಸ್ಕೋ. ಅವರೂ ಅದರ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದ್ರು." ಅವಳ ಹೊಟ್ಟೆ ಅಲುಗಿತು. ಅಳುತ್ತಿದ್ದಾಳೆಂದು ಸೊಲೊಫಾ ಎದ್ದು ನಿಂತ. ಅವಳು ನಗುತ್ತಿದ್ದಳು. ನರ್ಸು ಬಂದು ಕೈ ಅಲುಗಿಸಬೇಡಿ ಎಂದು ಗದರುವವರೆಗೂ ನಕ್ಕಳು. ಆಮೇಲೆ ಸ್ವಲ್ಪ ಅತ್ತಳು. "ನಿನ್ನ ದೋಣಿ ಕಣೋ" ಅಂದಳು. "ನಿನ್ನ ದೋಣಿ ಹೋಯ್ತಲ್ಲೋ."

"ದೋಣಿ ಎಲ್ಲೂ ಹೋಗಿಲ್ಲ. ತಮ್ಮನ ಹತ್ರ ಇದೆ. ಅವನಿಗೂ ಜೊತೆಗೊಬ್ಬ ಬೇಕು, ನಾನು ಹೋಗ್ತೀನಿ."

ಅವನು ಕೇಳಬೇಕಾದದ್ದು ಇನ್ನೂ ಬಾಕಿಯಿತ್ತು. ಕಾರು ಇರುವವರೆಗೂ ಎಂದಿದ್ದಳು. ಗುರುವಾರಕ್ಕೆ ನಡುವೆ ಒಂದೇ ದಿನ. ಕೇಳಿದರೆ ಉತ್ತರ ಬಂದುಬಿಡುತ್ತದೆ ಎಂದು ಹೆದರಿ, ಅವನು ಯಂತ್ರದ ಮೇಲೆ ಓಡುವ ಅಂಕಿಗಳನ್ನು ನೋಡುತ್ತ ಕೂತ.

ಸಂಜೆ ಅವರು ಹೊರಬಂದಾಗ ಬಾಗಿಲಲ್ಲಿ ಅದೇ ನೀಲಿ ಹಳದಿ ಬಸ್ಸು ನಿಂತಿತ್ತು. ಬರಲು ಯಾರೂ ಹೇಳಿರಲಿಲ್ಲ. ಬೆಳಗಿನವರಲ್ಲಿ ಅರ್ಧದಷ್ಟು ಜನ ಒಳಗಿದ್ದರು. ಗಡ್ಡೆಯವಳ ಬುಟ್ಟಿ ಖಾಲಿಯಾಗಿತ್ತು. ಅದನ್ನು ಅವಳು ಎಲ್ಲರಿಗೂ ಕಾಣುವ ಹಾಗೆ ಬೋರಲು ಹಾಕಿ ಹಿಡಿದುಕೊಂಡಿದ್ದಳು. ಸಿಯೆನಿ ಎದ್ದು ಜಾಗ ಬಿಟ್ಟಳು. ಫುವಾಟಿನೊ ಕೂತು, ಸಾವರಿಸಿಕೊಂಡು, ಲಂಗದ ಮಡಿಕೆ ಸರಿಮಾಡಿ, ಬಲಗೈ ಚಾಚಿದಳು. ಮಗು ಆ ಕೈಗೆ ಬಂತು.

ಘಾಟಿ ಇಳಿದು ಕರಾವಳಿ ಸೇರುವಾಗ ಕತ್ತಲಾಗುತ್ತಿತ್ತು. ಒಂದು ಊರಿನ ಬಾಯಲ್ಲಿ ಶಂಖ ಮೊಳಗಿತು. ಸಂಜೆಯ ಪ್ರಾರ್ಥನೆ. ಅದು ಮುಗಿಯುವವರೆಗೂ ಊರೊಳಗೆ ಗಾಡಿ ಓಡುವಂತಿಲ್ಲ. ಲುಂಗಿಯಂಥ ಲಾವಲಾವ ಉಟ್ಟ ಗಂಡಸರು ರಸ್ತೆಯ ಎರಡೂ ಬದಿಗೆ ನಿಂತಿದ್ದರು. ಲೆಮಾನಾ ಎಂಜಿನ್ ಆರಿಸಿದ. ಹಾಡು ನಿಂತಿತು. ಮನೆಗಳೊಳಗಿಂದ ಸ್ತೋತ್ರ ಕೇಳಿಬಂತು. ಬಸ್ಸಿನಲ್ಲಿ ಒಬ್ಬೊಬ್ಬರಾಗಿ ತಗ್ಗಿದ ದನಿಯಲ್ಲಿ ಸೇರಿಕೊಂಡರು. ಸೊಲೊಫಾ ತಲೆ ತಗ್ಗಿಸಿದ. ಬೇಡಿಕೊಳ್ಳಲು ಅವನಲ್ಲಿ ಬೆಳಗಿನಿಂದ ಒಂದೇ ಮಾತಿತ್ತು. ಆದರೆ ಬಾಯಿಗೆ ಬಂದದ್ದು ಹೆಸರುಗಳು: ಹಲ್ಲು ಕೀಳಿಸದ ಮುದುಕ, ಅವನ ತಂಗಿಯ ಮಗ, ಲಾರಿಯವನು, ತೊಡೆ ಕೊಟ್ಟ ಪೊಲೀಸು, ಗಡ್ಡೆಯವಳು, ಹೊಟ್ಟೆಯ ಲೆಮಾನಾ, ಒಂದು ಕ್ಷಣವೂ ಯೋಚಿಸದ ಸಿಯೆನಿ. ಅವರನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಸ್ತೋತ್ರವೇ ಮುಗಿಯಿತು. ತನ್ನ ಬೇಡಿಕೆಗೆ ಹೊತ್ತೇ ಉಳಿಯಲಿಲ್ಲ.

ಬಸ್ಸು ಮತ್ತೆ ಹೊರಟಿತು. ಮಗು ಬಾಯಿ ತೆರೆದುಕೊಂಡು ಫುವಾಟಿನೊಳ ಎದೆಗೊರಗಿ ನಿದ್ದೆ ಹೋಗಿತ್ತು.

"ನೀನು ಯಾವ್ಯಾವ ದಿನ ಪೇಟೆಗೆ ಹೋಗೋದೇ?" ಎಂದು ಅವಳು ಸಿಯೆನಿಯನ್ನು ಕೇಳಿದಳು.

"ಭಾನುವಾರ ಬಿಟ್ಟು ದಿನಾ. ಹೋಟೆಲಲ್ಲಿ ಬಟ್ಟೆ ಒಗೆಯೋ ಕೆಲಸ."

"ಇದನ್ನ ಯಾರು ನೋಡ್ಕೋತಾರೆ?"

"ನನ್ನ ಅಕ್ಕನ ಮನೆ ಪೇಟೇಲಿದೆ, ಅಲ್ಲಿ ಬಿಡ್ತೀನಿ. ಬಸ್ಸಲ್ಲೇ ಕಷ್ಟ. ಯಾರೂ ಹಿಡ್ಕೊಳ್ಳೋಲ್ಲ, ಒದೀತಾಳೆ ಅಂತ."

"ಒದ್ದರೆ ಒದೀಲಿ" ಎಂದಳು ಫುವಾಟಿನೊ. ಆಮೇಲೆ ಕತ್ತು ಚಾಚಿ ಲೆಮಾನಾನ ಹೆಗಲು ತಟ್ಟಿದಳು. "ಅಪ್ಪಾ, ಗುರುವಾರ ನಮ್ಮ ಮನೆ ಹತ್ರ ನಿಲ್ಲಿಸು. ಇಗರ್ಜಿ ದಾಟಿದ ಮೇಲೆ ಎರಡನೇದು. ಹಾರ್ನ್ ಹೊಡೆದು ಊರೆಬ್ಬಿಸಬೇಡ. ನಾನೇ ರಸ್ತೆಗೆ ಬಂದು ನಿಂತಿರ್ತೀನಿ."